ಸಭೆಯಲ್ಲಿ ಸ್ತ್ರೀದೀಕ್ಷೆ: ಕೇಳಿಯೂ ನೋಡದೆ ಬೇಡವೆನ್ನುವುದು ಸರಿಯೇ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕ್ರೈಸ್ತ ಸಭೆಗಳಲ್ಲಿ ಸ್ತ್ರೀಯರಿಗೆ ದೀಕ್ಷೆ ಕೊಡುವ, ಅಂದರೆ ಅವರನ್ನು ಸಭಾಪಾಲಕರಾಗಿ ಇಲ್ಲವೇ ಯಾಜಕರಾಗಿ ನೇಮಿಸುವ ವಿಚಾರವಾಗಿ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಪ್ರಕಟವಾದ ಪತ್ರವನ್ನು ಎರಡು ಮೂರು ಬಾರಿ ಓದಿದೆ. ಪತ್ರ ಬರೆದವರು ಯಾರನ್ನೂ ಹೀಯಾಳಿಸದೆ, ಸಭ್ಯವಾದ ಭಾಷೆಯಲ್ಲಿ ತಮ್ಮ ಅಭಿಪ್ರಾಯವನ್ನು ಮಂಡಿಸಿದ್ದಾರೆ. ಅದಕ್ಕಾಗಿ ಅವರಿಗೆ ಕೃತಜ್ಞಳಾಗಿದ್ದೇನೆ. ಅವರ ವಾದದ ಸಾರ ಇಷ್ಟು: ಸ್ತ್ರೀದೀಕ್ಷೆ ಎಂಬುದು ಈಚಿನ ಕಾಲದ ಸಮಾನತೆಯ ಚಳವಳಿಗಳು ಸಭೆಯ ಮೇಲೆ ಹೇರಿದ ಬೇಡಿಕೆ, ಸತ್ಯವೇದದಲ್ಲಿ (ಬೈಬಲಿನಲ್ಲಿ) ಅದಕ್ಕೆ ಆಧಾರವಿಲ್ಲ, ಎರಡು ಸಾವಿರ ವರ್ಷಗಳ ಪರಂಪರೆಯಲ್ಲಿ ಅದಕ್ಕೆ ಜಾಗವಿಲ್ಲ, ಹುದ್ದೆಗಾಗಿ ಹೋರಾಡುವುದು ಕ್ರಿಸ್ತನ ಮನಸ್ಸಿಗೆ ಒಪ್ಪುವಂಥದ್ದಲ್ಲ. ಕೊನೆಯ ಮಾತನ್ನು ನಾನೂ ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಉಳಿದ ಮಾತುಗಳ ಬಗ್ಗೆ, ಮೂವತ್ತು ವರ್ಷಗಳಿಂದ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ಬಂದಿರುವ, ದೀಕ್ಷೆಯನ್ನು ತನಗಾಗಿ ಎಂದೂ ಬಯಸದ ಒಬ್ಬ ಸಾಮಾನ್ಯ ಸದಸ್ಯೆಯಾಗಿ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದೆ, ದಯವಿಟ್ಟು ಕ್ಷಮಿಸಬೇಕು.

ಮೊದಲು ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಹತ್ತಿರದ ಸಂಬಂಧಿಯೊಬ್ಬರ ಆರೈಕೆಗಾಗಿ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಉಳಿದಿದ್ದೆ. ಪಕ್ಕದ ಹಾಸಿಗೆಯಲ್ಲಿ ಎಂಬತ್ತು ದಾಟಿದ ಹಿರಿಯ ತಾಯಿಯೊಬ್ಬರಿದ್ದರು. ಅವರ ಸಭೆಯ ಕಡೆಯಿಂದ ದಿನವೂ ಅವರನ್ನು ನೋಡಲು ಬರುತ್ತಿದ್ದವರು ಒಬ್ಬ ಮಹಿಳೆ. ದೇವಶಾಸ್ತ್ರದಲ್ಲಿ ಪದವಿ ಪಡೆದು, ಆ ಸಭೆಯಲ್ಲಿ ‘ಸಹಾಯಕಿ’ ಎಂಬ ಹೆಸರಿನಲ್ಲಿ ಹದಿನೆಂಟು ವರ್ಷ ದುಡಿದವರು. ಬಂದೊಡನೆ ಕುರ್ಚಿಯನ್ನು ಹಾಸಿಗೆಯ ಬಲಬದಿಗೆ ಎಳೆದುಕೊಳ್ಳುತ್ತಿದ್ದರು, ಏಕೆಂದರೆ ಆ ತಾಯಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಇಪ್ಪತ್ತಮೂರನೆಯ ಕೀರ್ತನೆಯನ್ನು ನಿಧಾನವಾಗಿ ಓದುತ್ತ, ಪ್ರತಿ ಸಾಲನ್ನೂ ಅರ್ಧಕ್ಕೆ ನಿಲ್ಲಿಸುತ್ತಿದ್ದರು; ಉಳಿದರ್ಧವನ್ನು ಆ ತಾಯಿ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ತಾಯಿ ತಮಗೆ ಕರ್ತನ ಭೋಜನ, ಅಂದರೆ ಕ್ರಿಸ್ತನ ನೆನಪಿನ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ, ಬೇಕೆಂದರು. ಕೇಳಿದ್ದು ಈಕೆಯನ್ನೇ, ಆದರೆ ಆ ಸಭೆಯಲ್ಲಿ ದೀಕ್ಷೆ ಪಡೆದವರು ಮಾತ್ರ ಅದನ್ನು ಕೊಡಬಹುದಿತ್ತು. ಸಭಾಪಾಲಕರಿಗೆ ಹೇಳಿ ಕಳಿಸುತ್ತೇನೆ ಎಂದು ಈಕೆ ಅವರ ಕೈ ಹಿಡಿದುಕೊಂಡೇ ಉತ್ತರಿಸಿದರು. ಸಭಾಪಾಲಕರು ಪರಸ್ಥಳದಲ್ಲಿದ್ದರು. ಮರುದಿನ ಸಂಜೆ ಅವರು ರೊಟ್ಟಿ ಮತ್ತು ದ್ರಾಕ್ಷಾರಸವಿದ್ದ ಚಿಕ್ಕ ಪೆಟ್ಟಿಗೆಯನ್ನು ಹಿಡಿದು ಪ್ರಯಾಣದ ಬಟ್ಟೆಯಲ್ಲೇ ಧಾವಿಸಿ ಬಂದರು. ಅಷ್ಟರಲ್ಲಿ ಆ ತಾಯಿಗೆ ನುಂಗುವ ಶಕ್ತಿ ಹೋಗಿತ್ತು. ದಾದಿಯರು ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒದ್ದೆ ಮಾಡುತ್ತಿದ್ದರು. ಸಭಾಪಾಲಕರು ಮಂಡಿಯೂರಿ ಪ್ರಾರ್ಥಿಸಿದರು. ಆ ಮಹಿಳೆ ಬಾಗಿಲ ಬಳಿ ನಿಂತು, ತೆರೆಯದೆ ಉಳಿದ ಪೆಟ್ಟಿಗೆಯನ್ನು ನೋಡುತ್ತಿದ್ದರು.

ಆ ಸಭಾಪಾಲಕರನ್ನು ನಾನು ದೂರುತ್ತಿಲ್ಲ; ಅವರು ತಮ್ಮ ಸಭೆಯ ನಿಯಮದಂತೆ ನಡೆದುಕೊಂಡರು ಮತ್ತು ಅವರ ಕಣ್ಣಲ್ಲಿಯೂ ನೀರಿತ್ತು. ಆಮೇಲೆ ನನಗೆ ತಿಳಿದುಬಂದ ಇನ್ನೊಂದು ಸಂಗತಿಯೇ ಈ ಪತ್ರಕ್ಕೆ ಕಾರಣ. ಆ ಮಹಿಳೆ ನಾಲ್ಕು ಸಲ ದೀಕ್ಷೆಗಾಗಿ ಅರ್ಜಿ ಸಲ್ಲಿಸಿದ್ದರು. ಒಮ್ಮೆಯೂ ಆಯ್ಕೆ ಸಮಿತಿಯು ಆಕೆಯನ್ನು ಕರೆದು ಕೂರಿಸಿ ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ದೀಕ್ಷೆಯ ಬಗ್ಗೆ ಹೊರಗಿನವರಿಗೆ ಸಾಮಾನ್ಯವಾಗಿ ತಿಳಿಯದ ವಿಷಯವೊಂದಿದೆ. ಯಾವ ಸಭೆಯಲ್ಲಿಯೂ ದೀಕ್ಷೆಯು ಹಕ್ಕಲ್ಲ, ಗಂಡಸರಿಗೂ ಅಲ್ಲ. ಒಬ್ಬ ಯುವಕ ಬಂದು ತನಗೆ ದೇವರ ಕರೆ ಇದೆ ಎಂದರೆ ಸಭೆ ಅದನ್ನು ಹಾಗೆಯೇ ನಂಬುವುದಿಲ್ಲ. ಅವನ ಜೀವನವನ್ನು ವಿಚಾರಿಸುತ್ತದೆ, ಅವನ ಜೊತೆ ಇದ್ದವರ ಸಾಕ್ಷಿ ಕೇಳುತ್ತದೆ, ಓದಿಸುತ್ತದೆ, ವರ್ಷಗಟ್ಟಲೆ ಕೆಲಸದಲ್ಲಿಟ್ಟು ನೋಡುತ್ತದೆ, ಕಡೆಗೆ ನೆರೆದ ಜನರ ಮುಂದೆ ಅವನು ಯೋಗ್ಯನೇ ಎಂದು ಪ್ರಶ್ನಿಸಿ, ಅವರ ಒಪ್ಪಿಗೆ ದೊರೆತ ಮೇಲೆಯೇ ತಲೆಯ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸುತ್ತದೆ. ಇದು ಬಹಳ ಒಳ್ಳೆಯ ಪದ್ಧತಿ. ಒಳಗಿನ ಕರೆಯೂ ಸಭೆಯ ಒಪ್ಪಿಗೆಯೂ ಕೂಡಿದಾಗಲೇ ಸೇವಕನಾಗುತ್ತಾನೆ ಎಂಬುದು ಇದರ ತಿರುಳು. ಹುದ್ದೆಗಾಗಿ ಹೋರಾಟ ಸಲ್ಲದು ಎಂದ ಪತ್ರಲೇಖಕರ ಮಾತು ನನಗೆ ಒಪ್ಪಿಗೆಯಾದದ್ದು ಇದೇ ಕಾರಣಕ್ಕೆ. ಆದರೆ ಹಲವು ಸಭೆಗಳಲ್ಲಿ ಹೆಣ್ಣುಮಗಳೊಬ್ಬಳು ಬಂದು ಅದೇ ಮಾತನ್ನು ಹೇಳಿದಾಗ ಈ ಪರೀಕ್ಷೆ ಆರಂಭವೇ ಆಗುವುದಿಲ್ಲ. ಪರೀಕ್ಷಿಸಿ ‘ನಿನಗೆ ಕರೆ ಇಲ್ಲ’ ಎಂದರೆ ಅದು ಸಭೆಯ ತೀರ್ಮಾನ, ತಲೆಬಾಗಬಹುದು. ‘ನಿನಗೆ ಕರೆ ಇರಲು ಸಾಧ್ಯವೇ ಇಲ್ಲ, ಆದ್ದರಿಂದ ಕೇಳುವುದೂ ಬೇಡ’ ಎಂದರೆ ನಾವು ದೇವರ ಬಾಯಿಗೆ ಗಡಿ ಹಾಕಿದಂತಾಗುತ್ತದೆ. ಅಂಥ ಗಡಿಯನ್ನು ಹಾಕಲು ಸತ್ಯವೇದ ನಮಗೆ ಅಧಿಕಾರ ಕೊಟ್ಟಿದೆಯೇ ಎಂಬುದೇ ನನ್ನ ಪ್ರಶ್ನೆ.

ಪತ್ರಲೇಖಕರು ಎರಡು ವಚನಗಳನ್ನು ಆಧಾರವಾಗಿ ಕೊಟ್ಟಿದ್ದಾರೆ. ಒಂದು, ಕೊರಿಂಥದವರಿಗೆ ಅಪೊಸ್ತಲನಾದ (ಕ್ರಿಸ್ತನು ಸುವಾರ್ತೆ ಸಾರಲು ಕಳಿಸಿದವನಾದ) ಪೌಲನು ಬರೆದ ಮೊದಲನೆಯ ಪತ್ರದ 14ನೆಯ ಅಧ್ಯಾಯದಲ್ಲಿ ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂದು ಹೇಳಿರುವುದು. ಆದರೆ ಅದೇ ಪತ್ರದ 11ನೆಯ ಅಧ್ಯಾಯದಲ್ಲಿ, ಪ್ರಾರ್ಥನೆ ಮಾಡುವ ಮತ್ತು ಪ್ರವಾದಿಸುವ ಸ್ತ್ರೀಯು ತಲೆಗೆ ಮುಸುಕು ಹಾಕಿಕೊಂಡಿರಬೇಕೆಂದು ಅದೇ ಪೌಲನು ಕಟ್ಟಪ್ಪಣೆ ಮಾಡಿದ್ದಾನೆ. ಸ್ತ್ರೀ ಸಭೆಯಲ್ಲಿ ಬಾಯಿ ತೆರೆಯುವಂತೆಯೇ ಇಲ್ಲವಾದರೆ, ಬಾಯಿ ತೆರೆಯುವಾಗ ಹೇಗಿರಬೇಕೆಂಬ ನಿಯಮ ಯಾಕೆ? ಇದರ ಜೊತೆಗೆ, ಮೌನದ ಆ ಎರಡು ವಚನಗಳು ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಈಗಿರುವ ಸ್ಥಳದಲ್ಲಿಲ್ಲ, ಅಧ್ಯಾಯದ ಕೊನೆಯಲ್ಲಿ ಬರುತ್ತವೆ. ಹಾಗಾಗಿ ಅವು ಅಂಚಿನಲ್ಲಿ ಬರೆದ ಟಿಪ್ಪಣಿಯಾಗಿದ್ದು ಪಠ್ಯದೊಳಗೆ ಸೇರಿಕೊಂಡಿರಬಹುದೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಇನ್ನು ಕೆಲವರು ಹಾಗೆ ಒಪ್ಪುವುದಿಲ್ಲ. ನಾನು ಆ ವಚನಗಳನ್ನು ಕಿತ್ತುಹಾಕಿ ಎನ್ನುತ್ತಿಲ್ಲ. ಒಂದೇ ಪತ್ರದ ಎರಡು ಮಾತುಗಳಲ್ಲಿ ಒಂದನ್ನು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಶಾಸನ ಮಾಡಿ, ಇನ್ನೊಂದನ್ನು ಓದದೆ ಬಿಡುವುದು ನ್ಯಾಯವಲ್ಲ ಎನ್ನುತ್ತಿದ್ದೇನೆ. ಮುಸುಕಿನ ನಿಯಮವನ್ನು ಆ ಕಾಲದ ರೂಢಿ ಎಂದು ಸುಲಭವಾಗಿ ಬಿಟ್ಟುಕೊಟ್ಟಿರುವ ಸಭೆಗಳು ಮೌನದ ನಿಯಮವನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿರುವುದು ನನಗೆ ಅರ್ಥವಾಗುವುದಿಲ್ಲ.

ಎರಡನೆಯದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2ನೆಯ ಅಧ್ಯಾಯದ 12ನೆಯ ವಚನ. ಸ್ತ್ರೀಯು ಉಪದೇಶಿಸುವುದಕ್ಕೂ ಪುರುಷನ ಮೇಲೆ ಅಧಿಕಾರ ನಡೆಸುವುದಕ್ಕೂ ಅಪ್ಪಣೆಯಿಲ್ಲ ಎಂಬುದು. ಇಲ್ಲಿ ಅಧಿಕಾರ ನಡೆಸುವುದು ಎಂದು ಅನುವಾದವಾಗಿರುವ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಈ ಒಂದು ಕಡೆ ಬಿಟ್ಟರೆ ಬೇರೆಲ್ಲೂ ಇಲ್ಲ. ಸಭೆಯ ಮುಖಂಡತ್ವದ ಬಗ್ಗೆ ಮಾತನಾಡುವಾಗ ಪೌಲನು ಬಳಸುವ ಸಾಮಾನ್ಯ ಪದಗಳು ಬೇರೆಯೇ ಇವೆ. ದಬ್ಬಾಳಿಕೆ ನಡೆಸುವುದು, ಮೇಲೆ ಬಿದ್ದು ಹತೋಟಿ ಸಾಧಿಸುವುದು ಎಂಬ ಅರ್ಥ ಇದಕ್ಕಿರಬಹುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದೇನೇ ಇರಲಿ, ಸುಳ್ಳು ಬೋಧಕರ ಕಾಟದಿಂದ ತತ್ತರಿಸಿದ್ದ ಎಫೆಸದ ಸಭೆಯನ್ನು ನೋಡಿಕೊಳ್ಳುತ್ತಿದ್ದ ತಿಮೊಥೆಯನಿಗೆ ಈ ಮಾತು ಬಂದಿದೆ, ಮತ್ತು ಅದರ ಹಿಂದಿನ ವಚನವೇ ‘ಸ್ತ್ರೀಯು ಕಲಿಯಲಿ’ ಎಂದು ಆಜ್ಞಾಪಿಸುತ್ತದೆ. ಹೆಣ್ಣಿಗೆ ಧರ್ಮಶಾಸ್ತ್ರ ಕಲಿಸುವುದೇ ಅಪರೂಪವಾಗಿದ್ದ ಲೋಕದಲ್ಲಿ ಅದು ಚಿಕ್ಕ ಮಾತಲ್ಲ. ಅದೇ ಎಫೆಸದಲ್ಲಿ ಪ್ರಿಸ್ಕಿಲ್ಲಳು ತನ್ನ ಗಂಡ ಅಕ್ವಿಲನೊಂದಿಗೆ ಸೇರಿ, ವಾಗ್ಮಿಯೂ ಶಾಸ್ತ್ರಪಂಡಿತನೂ ಆಗಿದ್ದ ಅಪೊಲ್ಲೋಸನನ್ನು ಮನೆಗೆ ಕರೆದೊಯ್ದು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದಳೆಂದು ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯ ಹೇಳುತ್ತದೆ. ಅಲ್ಲಿ ಹೆಂಡತಿಯ ಹೆಸರು ಮೊದಲು ಬಂದಿರುವುದನ್ನು ಗಮನಿಸಬೇಕೆಂದು ಕೋರುತ್ತೇನೆ.

ರೋಮಾಪುರದವರಿಗೆ ಬರೆದ ಪತ್ರದ ಕಡೆಯ ಅಧ್ಯಾಯದ ಮೇಲೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲೇಬೇಕು. ಆರಾಧನೆಯಲ್ಲಿ ಅದನ್ನು ಓದುವುದು ಅಪರೂಪ. ಬರೀ ಹೆಸರುಗಳ ಪಟ್ಟಿ ಎಂದು ದಾಟಿಬಿಡುತ್ತೇವೆ. ಅದರಲ್ಲಿ ಹತ್ತು ಮಂದಿ ಸ್ತ್ರೀಯರು ಬರುತ್ತಾರೆ. ಮರಿಯಳು, ತ್ರುಫೈನ, ತ್ರುಫೋಸ, ಪೆರ್ಸೀಸ ಎಂಬ ನಾಲ್ವರ ಬಗ್ಗೆ ಪೌಲನು ‘ಪ್ರಯಾಸಪಟ್ಟವರು’ ಎನ್ನುತ್ತಾನೆ. ತನ್ನ ಸ್ವಂತ ಸುವಾರ್ತಾ ಸೇವೆಯ ಬಗ್ಗೆ ಹೇಳಿಕೊಳ್ಳುವಾಗಲೂ ಅವನು ಬಳಸುವುದು ಅದೇ ಕ್ರಿಯಾಪದ. ಪಟ್ಟಿಯ ಮೊದಲಲ್ಲೇ ಕೆಂಖ್ರೆಯ ಸಭೆಯ ಫೊಯಿಬೆ ಇದ್ದಾಳೆ. ಆ ಮಹತ್ವದ ಪತ್ರವನ್ನು ರೋಮಿಗೆ ಕೊಂಡೊಯ್ದವಳು ಆಕೆಯೇ ಎಂದು ಬಹುತೇಕ ವಿದ್ವಾಂಸರು ತಿಳಿಯುತ್ತಾರೆ. ಪೌಲನು ಆಕೆಯನ್ನು ‘ದಿಯಾಕೊನೊಸ್’, ಅಂದರೆ ಸೇವಕ ಎಂಬ ಅರ್ಥದ ಗ್ರೀಕ್ ಪದದಿಂದ ಕರೆದಿದ್ದಾನೆ. ತನ್ನನ್ನೂ ಅಪೊಲ್ಲೋಸನನ್ನೂ ಸೇರಿಸಿ ಅವನು ಕರೆದುಕೊಂಡದ್ದು ಇದೇ ಪದದಿಂದ, ಫಿಲಿಪ್ಪಿಯ ಸಭಾಸೇವಕರಿಗೆ ವಂದನೆ ಹೇಳಿದ್ದು ಇದೇ ಪದದಿಂದ. ಆದರೆ 1611ರ ಪ್ರಸಿದ್ಧ ಇಂಗ್ಲಿಷ್ ಅನುವಾದದಲ್ಲಿ ಈ ಪದ ಪೌಲನಿಗೆ ಬಂದಾಗ ಬೋಧಕ ಪದವಿಯ ಅರ್ಥ ಪಡೆದು, ಫೊಯಿಬೆಗೆ ಬಂದಾಗ ಊಳಿಗದವಳು ಎಂಬಷ್ಟಕ್ಕೆ ಇಳಿಯಿತು. ಮೂಲದಲ್ಲಿ ಇಲ್ಲದ ಮೆಟ್ಟಿಲೊಂದು ಅನುವಾದದಲ್ಲಿ ಹುಟ್ಟಿಕೊಂಡಿತು.

ಅದೇ ಅಧ್ಯಾಯದ 7ನೆಯ ವಚನದಲ್ಲಿ ಅಂದ್ರೋನಿಕನ ಜೊತೆಗೆ, ಅಪೊಸ್ತಲರಲ್ಲಿ ಪ್ರಸಿದ್ಧರಾದವರೆಂದು ಹೊಗಳಿಸಿಕೊಂಡ ಯೂನ್ಯ ಎಂಬ ಹೆಸರಿದೆ. ಗ್ರೀಕ್ ಮೂಲದಲ್ಲಿ ಆ ಹೆಸರು ನಿಂತಿರುವ ರೂಪದಲ್ಲಿ ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುವುದು ಒಂದು ಸ್ವರಚಿಹ್ನೆ ಮಾತ್ರ, ಮತ್ತು ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಅಂಥ ಚಿಹ್ನೆಗಳನ್ನು ಬರೆಯುತ್ತಲೇ ಇರಲಿಲ್ಲ. ನಮ್ಮ ಕನ್ನಡದಲ್ಲಾದರೆ ‘ಯೂನ್ಯನಿಗೆ’ ಎಂದೋ ‘ಯೂನ್ಯಳಿಗೆ’ ಎಂದೋ ಬರೆಯಲೇಬೇಕು. ‘ಅವರಿಗೆ’ ಎಂದು ಗೌರವ ಸೂಚಿಸಿ ಜಾರಿಕೊಳ್ಳದ ಹೊರತು ಅನುವಾದಕನಿಗೆ ಬೇರೆ ದಾರಿಯಿಲ್ಲ. ಒಂದು ಅಕ್ಷರದಲ್ಲಿ ಒಬ್ಬ ವ್ಯಕ್ತಿಯ ಇರವೇ ಬದಲಾಗುತ್ತದೆ! ಯೂನ್ಯ ಎಂಬ ಹೆಣ್ಣು ಹೆಸರು ಆ ಕಾಲದ ರೋಮನ್ ಶಾಸನಗಳಲ್ಲಿ ಹೇರಳವಾಗಿ ಸಿಗುತ್ತದೆ. ಅದರ ಗಂಡು ರೂಪವೆಂದು ಊಹಿಸಿದ ಹೆಸರು ಒಂದು ಶಾಸನದಲ್ಲಿಯೂ ಸಿಕ್ಕಿಲ್ಲ. ನಾಲ್ಕನೆಯ ಶತಮಾನದ ಪ್ರಸಿದ್ಧ ಬೋಧಕ ಕ್ರಿಸೋಸ್ತೋಮನ ಮಾತೃಭಾಷೆ ಗ್ರೀಕ್. ಸ್ತ್ರೀವಾದಿ ಎಂದು ಆತನನ್ನು ಯಾರೂ ಕರೆಯಲಾರರು. ಆತ ಈ ವಚನವನ್ನು ವಿವರಿಸುವಾಗ, ಅಪೊಸ್ತಲರ ಹೆಸರಿಗೆ ಪಾತ್ರಳಾಗುವಷ್ಟು ಈ ಸ್ತ್ರೀಯ ಜ್ಞಾನ ಎಷ್ಟು ದೊಡ್ಡದಿರಬೇಕು ಎಂದು ಬೆರಗಾಗುತ್ತಾನೆ. ಹಾಗಿದ್ದರೂ 20ನೆಯ ಶತಮಾನದ ಬಹುಭಾಗ ವಿದ್ವಾಂಸರ ಪ್ರಮಾಣಿತ ಗ್ರೀಕ್ ಆವೃತ್ತಿಯಲ್ಲಿ ಈ ಹೆಸರು ಗಂಡಾಗಿಯೇ ಅಚ್ಚಾಗುತ್ತಿತ್ತು. 1998ರ ಮುದ್ರಣದಲ್ಲಷ್ಟೇ ಅದು ಮತ್ತೆ ಹೆಣ್ಣಾಯಿತು. ಸತ್ಯವೇದದಲ್ಲಿ ಆಧಾರವಿಲ್ಲ ಎಂದು ಪತ್ರಲೇಖಕರು ಬರೆದಾಗ ನನಗೆ ಮೊದಲು ನೆನಪಾದದ್ದು ಇವಳು.

ಹಳೆಯ ಒಡಂಬಡಿಕೆಯಲ್ಲಿ ಇಸ್ರಾಯೇಲರಿಗೆ ನ್ಯಾಯತೀರಿಸಿದ ಪ್ರವಾದಿನಿ ದೆಬೋರಳ ಕಥೆ ಎಲ್ಲರಿಗೂ ಗೊತ್ತು. ಇನ್ನೊಬ್ಬ ಪ್ರವಾದಿನಿ ಹುಲ್ದಳ ಕಥೆ ಅಷ್ಟಾಗಿ ಗೊತ್ತಿಲ್ಲ: ದೇವಾಲಯದಲ್ಲಿ ಧರ್ಮೋಪದೇಶದ ಗ್ರಂಥ ಸಿಕ್ಕಿದಾಗ ಅರಸನಾದ ಯೋಷೀಯನ ಅಪ್ಪಣೆಯಂತೆ ಮಹಾಯಾಜಕ ಹಿಲ್ಕೀಯನೇ ಎದ್ದು ಹೋಗಿ ಅದರ ಅರ್ಥವನ್ನು ಕೇಳಿದ್ದು ಈಕೆಯಲ್ಲಿ. ಪುನರುತ್ಥಾನದ ಬೆಳಿಗ್ಗೆ ಕರ್ತನು ತನ್ನ ಶಿಷ್ಯರಿಗೆ ಸುದ್ದಿ ಕಳಿಸಿದ್ದು ಮಗ್ದಲದ ಮರಿಯಳ ಮೂಲಕ. ಆಗಿನ ನ್ಯಾಯಸ್ಥಾನಗಳಲ್ಲಿ ಸ್ತ್ರೀಯ ಸಾಕ್ಷಿಗೆ ಬೆಲೆ ಕಡಿಮೆಯಿದ್ದಾಗ ಆತ ಆರಿಸಿಕೊಂಡ ಸಾಕ್ಷಿ ಆಕೆ. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿ ಒಂದು ಪ್ರಸಂಗದಲ್ಲಿ ಈಕೆಯನ್ನೂ ಲೂಕನ ಸುವಾರ್ತೆಯ ಹೆಸರಿಲ್ಲದ ಪಾಪಿ ಸ್ತ್ರೀಯನ್ನೂ ಒಂದೇ ಮಾಡಿದ ಮೇಲೆ ಪಶ್ಚಿಮದ ಸಭೆಯಲ್ಲಿ ಅವಳು ಶತಮಾನಗಟ್ಟಲೆ ವೇಶ್ಯೆಯ ಚಿತ್ರವಾಗಿ ಉಳಿದಳು. ಪೋಪ್ ಫ್ರಾನ್ಸಿಸ್ 2016ರಲ್ಲಿ ಆಕೆಯ ಸ್ಮರಣೆಯ ದಿನವನ್ನು ಅಪೊಸ್ತಲರ ಹಬ್ಬಗಳ ಮಟ್ಟಕ್ಕೆ ಏರಿಸಿದರು.

ಪರಂಪರೆಯ ಮಾತಿಗೆ ಬರೋಣ. ಎರಡನೆಯ ಶತಮಾನದ ಆರಂಭದಲ್ಲಿ ರೋಮನ್ ಅಧಿಕಾರಿ ಪ್ಲಿನಿ, ಕ್ರೈಸ್ತರ ಬಗ್ಗೆ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ‘ಸೇವಿಕೆಯರು’ ಎನಿಸಿಕೊಂಡಿದ್ದ ಇಬ್ಬರು ದಾಸಿಯರನ್ನು ಚಿತ್ರಹಿಂಸೆ ಕೊಟ್ಟು ವಿಚಾರಿಸಿದ್ದಾಗಿ ಹೇಳುತ್ತಾನೆ. ಸಭೆಯಲ್ಲಿ ಪದವಿ ಹೊಂದಿ ಅದಕ್ಕಾಗಿ ನೊಂದವರಲ್ಲಿ ನಮಗೆ ದಾಖಲೆ ಸಿಗುವ ಮೊದಲಿಗರಲ್ಲಿ ಆ ಇಬ್ಬರಿದ್ದಾರೆ. ಅವರ ಹೆಸರು ಉಳಿದಿಲ್ಲ. 451ರ ಕಾಲ್ಸೆಡಾನ್ ಮಹಾಸಭೆಯನ್ನು ಕ್ಯಾಥೋಲಿಕರು, ಬೈಜಾಂಟೈನ್ ಪರಂಪರೆಯ ಆರ್ಥೊಡಾಕ್ಸರು ಮತ್ತು ಬಹುಪಾಲು ಪ್ರೊಟೆಸ್ಟಂಟರು ಗೌರವಿಸುತ್ತಾರೆ. ಅದರ 15ನೆಯ ನಿಯಮ, ನಲವತ್ತು ವರ್ಷ ತುಂಬದ ಸ್ತ್ರೀಯನ್ನು ಡೀಕನೆಸ್ (ಸಭಾಸೇವಕಿ) ಆಗಿ ಕೈಯಿಟ್ಟು ನೇಮಿಸಬಾರದು, ಅದೂ ಜಾಗರೂಕತೆಯಿಂದ ಪರೀಕ್ಷಿಸಿದ ಮೇಲೆಯೇ ನೇಮಿಸಬೇಕು ಎನ್ನುತ್ತದೆ. ಪರೀಕ್ಷಿಸಿದ ಮೇಲೆ! ನಾನು ಮೇಲೆ ಬೇಡಿಕೊಂಡದ್ದು ಇದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಲ್ಲ. ಆ ಪದವಿ ಮುಂದೆ ಯಾಕೆ ಮಾಸಿತು ಎಂದರೆ, ದೊಡ್ಡವರು ದೀಕ್ಷಾಸ್ನಾನ (ಸಭೆಗೆ ಸೇರಿಸಿಕೊಳ್ಳುವ ಜಲಸಂಸ್ಕಾರ) ಪಡೆಯುತ್ತಿದ್ದ ಕಾಲದಲ್ಲಿ ಸ್ತ್ರೀಯರಿಗೆ ಎಣ್ಣೆ ಹಚ್ಚಿ ನೀರಿಗಿಳಿಸಲು ಸ್ತ್ರೀಯರೇ ಬೇಕಾಗಿದ್ದರು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದು ರೂಢಿಯಾದ ಮೇಲೆ ಆ ಅಗತ್ಯ ಕಡಿಮೆಯಾಯಿತು, ಉಳಿದ ಕೆಲಸ ಮಠಗಳೊಳಗೆ ಸೇರಿಕೊಂಡಿತು. ಅಂದರೆ ಕೆಲಸ ತಪ್ಪಿದ್ದರಿಂದ ಪದವಿ ತಪ್ಪಿತು. ಆಗ ಸಭೆ ಅಗತ್ಯವನ್ನು ನೋಡಿ ತನ್ನ ಕ್ರಮವನ್ನು ಬದಲಿಸಿಕೊಂಡಿತು ಎನ್ನುವುದಾದರೆ, ಈಗ ಅಗತ್ಯ ಬಂದಾಗ ಬದಲಿಸಿಕೊಳ್ಳಲು ಅಡ್ಡಿಯೇನು? ಆ ಡೀಕನೆಸ್‌ಗಳು ಯಾಜಕರಾಗಿರಲಿಲ್ಲ, ನಿಜ. ಆದರೆ ಪರಂಪರೆಯಲ್ಲಿ ಜಾಗವೇ ಇರಲಿಲ್ಲ ಎಂಬುದು ಸರಿಯಲ್ಲ. ಆರ್ಥೊಡಾಕ್ಸ್ ಸಭೆಗಳು ಈಗ ಇದನ್ನು ಮತ್ತೆ ನೆನಪಿಸಿಕೊಳ್ಳುತ್ತಿವೆ. 2024ರಲ್ಲಿ ಅಲೆಕ್ಸಾಂಡ್ರಿಯಾದ ಗ್ರೀಕ್ ಆರ್ಥೊಡಾಕ್ಸ್ ಸಭೆಯು ಜಿಂಬಾಬ್ವೆಯಲ್ಲಿ ಒಬ್ಬ ಮಹಿಳೆಯನ್ನು ಡೀಕನೆಸ್ ಆಗಿ ನೇಮಿಸಿತು.

ಕ್ಯಾಥೋಲಿಕ್ ಧರ್ಮಸಭೆಯ ಬಗ್ಗೆ ಬರೆಯುವಾಗ ನನ್ನ ಕೈ ಹಿಂಜರಿಯುತ್ತದೆ, ಏಕೆಂದರೆ ನಾನು ಆ ಸಭೆಯವಳಲ್ಲ. ಅಲ್ಲಿನ ನಿಲುವು ಸ್ಪಷ್ಟವಾಗಿದೆ: ದೀಕ್ಷಾಸ್ನಾನ ಪಡೆದ ಪುರುಷನಿಗೆ ಮಾತ್ರ ಗುರುದೀಕ್ಷೆ ಎಂದು ಧರ್ಮಸಭೆಯ ಕಾನೂನಿನ 1024ನೆಯ ವಿಧಿ ಹೇಳುತ್ತದೆ, ಸ್ತ್ರೀಯರಿಗೆ ಗುರುದೀಕ್ಷೆ ಕೊಡಲು ಧರ್ಮಸಭೆಗೆ ಅಧಿಕಾರವೇ ಇಲ್ಲವೆಂದು ಪೋಪ್ ಎರಡನೆಯ ಜಾನ್ ಪಾಲ್ 1994ರ ಮೇ 22ರಂದು ಘೋಷಿಸಿದರು. ಅವರು ಕೊಡುವ ಕಾರಣಗಳನ್ನು ಹಗುರವಾಗಿ ತಳ್ಳಿಹಾಕಬಾರದು. ಯೇಸು ಹನ್ನೆರಡು ಮಂದಿ ಪುರುಷರನ್ನೇ ಆರಿಸಿಕೊಂಡನು, ಗುರುವು ಬಲಿಪೂಜೆಯಲ್ಲಿ ಕ್ರಿಸ್ತನ ಸ್ಥಾನದಲ್ಲಿ ನಿಲ್ಲುತ್ತಾನೆ ಎಂಬುವು ಅವುಗಳಲ್ಲಿ ಮುಖ್ಯವಾದವು. ಆ ಹನ್ನೆರಡು ಮಂದಿಯೂ ಯೆಹೂದ್ಯರಾಗಿದ್ದರು. ಯೆಹೂದ್ಯನಲ್ಲದವನು ಗುರುವಾಗಬಾರದೆಂದು ಯಾರೂ ಹೇಳುವುದಿಲ್ಲ. ಇನ್ನು ಕ್ರಿಸ್ತನ ಸ್ಥಾನದ ವಿಚಾರ. ಕ್ರಿಸ್ತನು ಏನನ್ನು ಧರಿಸಿಕೊಳ್ಳಲಿಲ್ಲವೋ ಅದು ಗುಣವಾಗಲಿಲ್ಲ ಎಂದು ನಾಸಿಯಾನ್ಸಿನ ಗ್ರೆಗೊರಿ ನಾಲ್ಕನೆಯ ಶತಮಾನದಲ್ಲಿಯೇ ಬರೆದನು. ಆತ ಧರಿಸಿಕೊಂಡದ್ದು ಮನುಷ್ಯತ್ವವನ್ನು. ಅದರಲ್ಲಿ ಹೆಣ್ಣು ಸೇರಿಲ್ಲವೆಂದರೆ ಹೆಣ್ಣಿಗೆ ರಕ್ಷಣೆಯೇ ಇಲ್ಲವೆಂದಾಗುತ್ತದೆ, ಅದನ್ನು ಯಾವ ಸಭೆಯೂ ಬೋಧಿಸುವುದಿಲ್ಲ. ಅದೇ ಧರ್ಮಸಭೆಯ ಬೋಧನೆಯಲ್ಲಿ ನನಗೆ ಬಹಳ ಹಿಡಿಸಿದ ಎರಡು ಸಂಗತಿಗಳಿವೆ. ತುರ್ತು ಸಂದರ್ಭದಲ್ಲಿ ಯಾವ ಸ್ತ್ರೀಯಾದರೂ ಸಾಯುತ್ತಿರುವ ಮಗುವಿಗೆ ದೀಕ್ಷಾಸ್ನಾನ ಕೊಡಬಹುದು. ಅದು ಪೂರ್ತಿ ಸಿಂಧುವಾದ ಸಂಸ್ಕಾರ. ಲ್ಯಾಟಿನ್ ಪರಂಪರೆಯಲ್ಲಿ ವಿವಾಹ ಸಂಸ್ಕಾರವನ್ನು ವಧೂವರರೇ ಪರಸ್ಪರ ನೀಡುತ್ತಾರೆ, ಗುರುವು ಸಾಕ್ಷಿ ಮಾತ್ರ. ಅಂದರೆ ಪ್ರತಿ ವಧುವೂ ಆ ಕ್ಷಣದಲ್ಲಿ ಸಂಸ್ಕಾರವೊಂದನ್ನು ನೀಡುವವಳು. ಕೃಪೆ ಸ್ತ್ರೀಯ ಕೈಯ ಮೂಲಕ ಹರಿಯಲಾರದು ಎಂದು ಹಾಗಾದರೆ ಆ ಸಭೆಯೂ ನಂಬಿಲ್ಲ. 2021ರಲ್ಲಿ ವಾಚಕ ಮತ್ತು ಪೀಠಸೇವಕರ ಸೇವೆಗಳಿಗೆ ಸ್ತ್ರೀಯರನ್ನೂ ವಿಧಿವತ್ತಾಗಿ ನೇಮಿಸಬಹುದೆಂದು ಕಾನೂನನ್ನು ತಿದ್ದಲಾಯಿತು, 2023ರ ಸಿನೊಡ್‌ನಲ್ಲಿ (ಬಿಷಪ್ಪರ ಮಹಾಸಮಾವೇಶದಲ್ಲಿ) ಸ್ತ್ರೀಯರು ಮೊದಲ ಬಾರಿ ಮತ ಹಾಕಿದರು. ಇದಕ್ಕಿಂತ ಮುಂದಿನದನ್ನು ಆ ಸಭೆಯ ಮಕ್ಕಳೇ ಮಾತನಾಡಿಕೊಳ್ಳಬೇಕು.

ಇದು ಈಚಿನ ಚಳವಳಿಗಳ ಒತ್ತಡದಿಂದ ಬಂದದ್ದು ಎಂಬ ಆರೋಪಕ್ಕೆ ಲೀ ಟಿಮ್ ಓಯ್ ಅವರ ಬದುಕನ್ನು ಮುಂದಿಡುತ್ತೇನೆ. ಹಾಂಗ್‌ಕಾಂಗ್‌ನಲ್ಲಿ 1907ರಲ್ಲಿ ಹುಟ್ಟಿದ ಅವರು ಆಂಗ್ಲಿಕನ್ ಸಭೆಯಲ್ಲಿ ಯಾಜಕರಿಗಿಂತ ಕೆಳಗಿನ ಪದವಿಯಾದ ಡೀಕನ್ ಆಗಿ ಮಕಾವ್‌ನಲ್ಲಿದ್ದ ನಿರಾಶ್ರಿತರ ನಡುವೆ ಸೇವೆ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೈನ್ಯ ಹಾಂಗ್‌ಕಾಂಗ್ ಅನ್ನು ಹಿಡಿದ ಮೇಲೆ ಕರ್ತನ ಭೋಜನ ನಡೆಸಿಕೊಡಲು ಯಾಜಕರಾರೂ ಮಕಾವ್ ತಲುಪುವಂತಿರಲಿಲ್ಲ. ಬಿಷಪ್ ರೊನಾಲ್ಡ್ ಹಾಲ್ ಅವರು 1944ರ ಜನವರಿ 25ರಂದು ಅವರಿಗೆ ಯಾಜಕದೀಕ್ಷೆ ನೀಡಿದರು. ಯಾವ ಮೆರವಣಿಗೆಯೂ ಇರಲಿಲ್ಲ, ಯಾವ ಹಕ್ಕೊತ್ತಾಯವೂ ಇರಲಿಲ್ಲ. ಹಸಿದ ಸಭೆಯೊಂದಿತ್ತು, ಉಣಬಡಿಸಬಲ್ಲ ಒಬ್ಬಾಕೆ ಇದ್ದರು. ಯುದ್ಧ ಮುಗಿದ ಮೇಲೆ ದೊಡ್ಡ ಗದ್ದಲವೆದ್ದಾಗ, ತಮ್ಮ ಬಿಷಪ್ಪರಿಗೆ ತೊಂದರೆಯಾಗಬಾರದೆಂದು 1946ರಲ್ಲಿ ಅವರೇ ಯಾಜಕ ಸೇವೆಯ ಪರವಾನಗಿಯನ್ನು ಬಿಟ್ಟುಕೊಟ್ಟು, ದೀಕ್ಷೆಯನ್ನು ಮಾತ್ರ ಬಿಟ್ಟುಕೊಡದೆ ಕಾದರು. 1971ರಲ್ಲಿ ಹಾಂಗ್‌ಕಾಂಗ್ ಸಭೆ ಅವರ ದೀಕ್ಷೆಯನ್ನು ಮಾನ್ಯಮಾಡಿತು. ಅವರು ತೀರಿಕೊಂಡ 1992ರಲ್ಲಿಯೇ, ನವೆಂಬರ್ 11ರಂದು, ಇಂಗ್ಲೆಂಡಿನ ಸಭೆ ಸ್ತ್ರೀಯರ ಯಾಜಕದೀಕ್ಷೆಗೆ ಒಪ್ಪಿತು. 2025ರ ಅಕ್ಟೋಬರ್‌ನಲ್ಲಿ ಅದೇ ಸಭೆ, ಒಂದು ಕಾಲಕ್ಕೆ ದಾದಿಯಾಗಿದ್ದ ಸಾರಾ ಮುಲ್ಲಾಲಿ ಅವರನ್ನು ತನ್ನ ಅತ್ಯುನ್ನತ ಪದವಿಯಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೆ ಹೆಸರಿಸಿತು. ದಕ್ಷಿಣ ಇಂಡಿಯಾ ಸಭೆಯಲ್ಲಿ 1976ರಿಂದ ಸ್ತ್ರೀದೀಕ್ಷೆ ಇದೆ, 2013ರಲ್ಲಿ ಈ. ಪುಷ್ಪ ಲಲಿತಾ ಅವರು ಅದರ ಮೊದಲ ಮಹಿಳಾ ಬಿಷಪ್ ಆದರು. ಇನ್ನೂ ಹಿಂದಕ್ಕೆ ಹೋದರೆ 1853ರಲ್ಲಿಯೇ ಅಮೆರಿಕದ ಒಂದು ಚಿಕ್ಕ ಸಭೆ ಆಂಟೊನೆಟ್ ಬ್ರೌನ್ ಅವರಿಗೆ ದೀಕ್ಷೆ ನೀಡಿತ್ತು.

ಕಾಲ ಕಳೆದಂತೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ನಂಬಿ ಸುಮ್ಮನಿರುವವರಿಗೂ ಒಂದು ಮಾತು ಹೇಳಬೇಕು. ಲಾಟ್ವಿಯಾದ ಲೂಥರನ್ ಸಭೆ 1975ರಲ್ಲಿ ಸ್ತ್ರೀದೀಕ್ಷೆಯನ್ನು ಆರಂಭಿಸಿ, 1993ರಲ್ಲಿ ನಿಲ್ಲಿಸಿ, 2016ರಲ್ಲಿ ದೀಕ್ಷೆ ಪುರುಷರಿಗೆ ಮಾತ್ರ ಎಂದು ನಿಯಮವನ್ನೇ ಮಾಡಿತು. ಆಸ್ಟ್ರೇಲಿಯಾದ ಪ್ರೆಸ್ಬಿಟೇರಿಯನ್ ಸಭೆ ತಾನು ಕೊಟ್ಟಿದ್ದ ಒಪ್ಪಿಗೆಯನ್ನು 1991ರಲ್ಲಿ ಹಿಂತೆಗೆದುಕೊಂಡಿತು. ತೆರೆದ ಬಾಗಿಲು ಮುಚ್ಚಲೂ ಬಹುದು.

ವಿರೋಧಿಸುವವರೆಲ್ಲ ಅಹಂಕಾರದಿಂದ ವಿರೋಧಿಸುತ್ತಾರೆಂದು ನಾನು ಎಂದೂ ಹೇಳಲಾರೆ, ಏಕೆಂದರೆ ನನ್ನ ತಾಯಿಯೇ ವಿರೋಧಿಸಿದ್ದರು. ನಮ್ಮ ಸಭೆಗೆ ಮೊದಲ ಬಾರಿಗೆ ದೀಕ್ಷೆ ಪಡೆದ ಮಹಿಳೆಯೊಬ್ಬರು ಬಂದು ಕರ್ತನ ಭೋಜನ ನಡೆಸಿದ ಭಾನುವಾರ ಅಮ್ಮ ಕೊನೆಯ ಸಾಲಿನಲ್ಲಿ ಕುಳಿತಿದ್ದು, ಮುಂದೆ ಹೋಗದೆ, ತಲೆ ತಗ್ಗಿಸಿಕೊಂಡು ಮನೆಗೆ ಬಂದರು. ‘ಅವಳ ಮೇಲೆ ನನಗೆ ಕೋಪವಿಲ್ಲ ಮಗಳೇ, ನನ್ನ ಮನಸ್ಸಿಗೆ ಹೆದರಿಕೆ’ ಎಂದರು. ಅಂದು ರಾತ್ರಿಯಿಂದ ಕಣ್ಣು ಮುಚ್ಚುವವರೆಗೂ ತಮ್ಮ ಪ್ರಾರ್ಥನೆಯಲ್ಲಿ ಆ ಮಹಿಳೆಯ ಹೆಸರನ್ನು ತಪ್ಪದೆ ಹೇಳುತ್ತಿದ್ದರು, ಆದರೆ ಆಕೆಯ ಕೈಯಿಂದ ರೊಟ್ಟಿಯನ್ನು ಎಂದೂ ತೆಗೆದುಕೊಳ್ಳಲಿಲ್ಲ. ಅಂಥ ಹೆದರಿಕೆಗೆ ಸಭೆ ತಾಳ್ಮೆಯಿಂದ ಉತ್ತರ ಕೊಡಬೇಕು. ದೇವರ ವಾಕ್ಯಕ್ಕೆ ಅವಿಧೇಯರಾಗುತ್ತೇವೇನೋ ಎಂಬ ಭಯವನ್ನು ಅಣಕಿಸಿ ಗೆಲ್ಲಲು ಬರುವುದಿಲ್ಲ. ಅದಕ್ಕಾಗಿಯೇ ಈ ಪತ್ರದ ಅರ್ಧವನ್ನು ವಚನಗಳಿಗೆ ಮೀಸಲಿಟ್ಟಿದ್ದೇನೆ.

ದೀಕ್ಷೆ ಕೊಡುವ ಸಭೆಗಳು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುವ ಹಾಗಿಲ್ಲ. ಕಾಗದದ ಮೇಲೆ ಒಪ್ಪಿಗೆ ಕೊಟ್ಟು, ದೀಕ್ಷೆ ಪಡೆದ ಮಹಿಳೆಗೆ ಸ್ವತಂತ್ರವಾಗಿ ಒಂದು ಸಭೆಯ ಹೊಣೆಯನ್ನು ಒಪ್ಪಿಸದೆ, ಹತ್ತು ವರ್ಷವಾದರೂ ಯಾರದೋ ಸಹಾಯಕಿಯಾಗಿ, ಇಲ್ಲವೇ ಮಕ್ಕಳ ಮತ್ತು ಮಹಿಳೆಯರ ಕೂಟಗಳಿಗೆ ಮಾತ್ರ ಇರಿಸಿಕೊಂಡಿರುವುದನ್ನು ನಾನು ಬಲ್ಲೆ. ಹೆರಿಗೆ ರಜೆಯ ನಿಯಮವೇ ಇಲ್ಲದ ಕಡೆ ಅವರು ಯಾರನ್ನು ಕೇಳಬೇಕು, ತಡರಾತ್ರಿ ಸಾವಿನ ಮನೆಗೆ ಹೋಗಬೇಕಾದಾಗ ಜೊತೆಗೆ ಯಾರು ಬರುತ್ತಾರೆ, ದಂಪತಿಗಳಿಬ್ಬರೂ ಸಭಾಪಾಲಕರಾಗಿದ್ದರೆ ವರ್ಗಾವಣೆ ಹೇಗೆ, ಇಂಥ ಸಣ್ಣ ಸಂಗತಿಗಳನ್ನು ಯೋಚಿಸದೆ ಕೊಟ್ಟ ದೀಕ್ಷೆ ಅರ್ಧ ದೀಕ್ಷೆ.

ಪತ್ರಲೇಖಕರಲ್ಲಿ, ಮತ್ತು ಅವರಂತೆ ಯೋಚಿಸುವ ಸಭಾ ಸಮಿತಿಗಳ ಹಿರಿಯರಲ್ಲಿ ನನ್ನದೊಂದು ವಿನಂತಿ ಇದೆ. ತಮ್ಮ ಸಭೆಯಲ್ಲಿ ತನಗೆ ಸೇವೆಯ ಕರೆಯಿದೆ ಎಂದು ಹೇಳಿದ ಹೆಣ್ಣುಮಗಳು ಯಾರಾದರೂ ಇದ್ದರೆ, ಆಕೆಯನ್ನು ಕರೆದು ಎದುರಿಗೆ ಕೂರಿಸಿಕೊಂಡು, ಗಂಡುಮಕ್ಕಳಿಗೆ ಕೇಳುವ ಪ್ರಶ್ನೆಗಳನ್ನೇ ಕೇಳಿ: ಕರೆ ಯಾವಾಗ ಬಂತು, ಹೇಗೆ ಗೊತ್ತಾಯಿತು, ಇದಕ್ಕಾಗಿ ಏನನ್ನು ಬಿಟ್ಟೆ, ಯಾರು ನಿನಗೆ ಸಾಕ್ಷಿ. ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಂಡ ಮೇಲೆ ತಮ್ಮ ಮನಸ್ಸಾಕ್ಷಿ ಬೇಡವೆಂದರೆ ಬೇಡವೆನ್ನಿ. ಆಸ್ಪತ್ರೆಯಲ್ಲಿ ನಾನು ಕಂಡ ಆ ಮಹಿಳೆಯನ್ನು ಕೇಳಿದ್ದರೆ, ಕೊನೆಯ ಪ್ರಶ್ನೆಗೆ ಆಕೆ ಆ ಹಿರಿಯ ತಾಯಿಯ ಹೆಸರನ್ನು ಹೇಳುತ್ತಿದ್ದರೇನೋ.

ಇತಿ ತಮ್ಮ ವಿಶ್ವಾಸಿ,
ಭಾನುವಾರದ ಶಾಲೆಯ ಒಬ್ಬ ಉಪಾಧ್ಯಾಯಿನಿ